ಕಿವಿ ಮುಚ್ಚುವ ಕುಲಾವಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಎಂಬ ಮಾತನ್ನು ನಾವು ಅವಸರದವರನ್ನು ಕುರಿತು ಆಡುತ್ತೇವೆ. ಹಲವು ವರ್ಷಗಳಿಂದ ಉಣ್ಣೆಯ ಹೆಣಿಗೆ ಮಾಡುತ್ತ ಬಂದಿರುವ ನನಗೆ ಮಾತ್ರ ಆ ಗಾದೆಯಲ್ಲಿ ಕುಲಾವಿಗೆ ಸಿಕ್ಕ ಮಾನವೇ ಮೊದಲು ಕಣ್ಣಿಗೆ ಬೀಳುತ್ತದೆ. ಕೂಸಿನ ಮೈಗೆ ಬೇಕಾದ ಅಷ್ಟೆಲ್ಲ ಬಟ್ಟೆಗಳ ನಡುವೆ ಗಾದೆಗೆ ಏರಿದ್ದು ತಲೆಯ ಉಡುಪು.

ಎಳ್ಳಮಾವಾಸ್ಯೆ ಹತ್ತಿರವಾದಂತೆ ಧಾರವಾಡದ ಬೆಳಗಿನ ಗಾಳಿ ಒಣಗುತ್ತದೆ, ಮೂಡಣದಿಂದ ಬೀಸಿ ನೇರವಾಗಿ ಕಿವಿಗೆ ತಾಗುತ್ತದೆ. ಕೆಲಗೇರಿ ಕೆರೆಯ ಕಡೆಗೆ ನಸುಕಿನಲ್ಲಿ ನಡೆಯಲು ಹೋಗುವವರನ್ನು ಗಮನಿಸಿದರೆ, ಟೊಪ್ಪಿಗೆ ಹಾಕಿಕೊಂಡವರೂ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಿರುವುದು ಕಾಣುತ್ತದೆ. ಅವರ ಟೊಪ್ಪಿಗೆಯಲ್ಲಿ ಉಣ್ಣೆ ಕಡಿಮೆಯಿಲ್ಲ. ಅದರ ಆಕಾರ ನಮ್ಮ ಚಳಿಗೆ ಒಗ್ಗಿದ್ದಲ್ಲ. ನೆತ್ತಿಯನ್ನಷ್ಟೇ ಹಿಡಿದುಕೊಂಡು, ಕಿವಿಯನ್ನೂ ಹಿಂಗತ್ತನ್ನೂ ಗಾಳಿಗೆ ಬಿಟ್ಟುಕೊಡುವ ಟೊಪ್ಪಿಗೆಯನ್ನು ಎಷ್ಟು ದಪ್ಪ ಹೆಣೆದರೂ ಪ್ರಯೋಜನ ಅಷ್ಟಕ್ಕಷ್ಟೆ.

ಈ ತಿಳಿವಳಿಕೆ ನಮ್ಮ ನಾಡಿನಲ್ಲಿ ಹಿಂದಿನಿಂದಲೂ ಇತ್ತು. ಖಣದ ಬಟ್ಟೆಯಿಂದ ಹೊಲಿದು, ಅಂಚಿಗೆ ಕಸೂತಿ ಹಾಕಿದ ಕೂಸಿನ ಕುಂಚಿಗೆಯನ್ನು ನೆನಪಿಸಿಕೊಳ್ಳಿ. ಅದು ನೆತ್ತಿಯಿಂದ ಹೊರಟು ಕಿವಿಗಳನ್ನು ಆವರಿಸಿ ಕುತ್ತಿಗೆಯ ಹಿಂದೆ ಬೆನ್ನಿನವರೆಗೆ ಇಳಿಯುತ್ತದೆ. ಹಾವೇರಿ ಜಿಲ್ಲೆಯ ಬಯಲಿನಲ್ಲಿ ಕುರಿ ಕಾಯುವವರು ಕಂಬಳಿಯನ್ನು ಮಡಚಿ ತಲೆಯ ಮೇಲೆ ಹಾಕಿಕೊಳ್ಳುವ ಕೊಪ್ಪೆಯೂ ಇದೇ ಕೆಲಸ ಮಾಡುತ್ತದೆ. ಅದಕ್ಕೆ ಸೂಜಿಯೂ ಬೇಡ, ದಾರವೂ ಬೇಡ. ಚಳಿಗಾಲದಲ್ಲಿ ಹುಬ್ಬಳ್ಳಿಯಲ್ಲಿ ಟಿಬೆಟಿನವರು ಹಾಕುವ ಸ್ವೆಟರ್ ಅಂಗಡಿಗಳಲ್ಲಿ ಚೆಂದದ ಟೊಪ್ಪಿಗೆಗಳು ಸಿಗುತ್ತವೆ, ಕೊಳ್ಳಬಾರದೆಂದು ನಾನು ಹೇಳುವುದಿಲ್ಲ. ಆದರೆ ಮನೆಯಲ್ಲಿ ಹೆಣೆಯುವವರಿಗೆ ಒಂದು ಅನುಕೂಲವಿದೆ: ಯಾರ ತಲೆಗೆ ಹೆಣೆಯುತ್ತೇವೆಯೋ ಅವರ ತಲೆ ನಮ್ಮ ಕೈಗೆ ಸಿಗುತ್ತದೆ.

ಹಾಗಾಗಿ ಅಳತೆಯಿಂದಲೇ ಆರಂಭಿಸೋಣ. ಹುಬ್ಬಿನ ಮೇಲಿನಿಂದ ಹಿಂದಲೆಯ ಉಬ್ಬನ್ನು ಬಳಸಿ ತಲೆಯ ಸುತ್ತ ಟೇಪು ಸುತ್ತಿದರೆ ದೊಡ್ಡವರ ತಲೆ ಸಾಮಾನ್ಯವಾಗಿ 55ರಿಂದ 58 ಸೆಂಟಿಮೀಟರ್, ಆಗತಾನೇ ಹುಟ್ಟಿದ ಕೂಸಿನದು ಸುಮಾರು 35 ಸೆಂಟಿಮೀಟರ್ ಬರುತ್ತದೆ. ಹೆಣಿಗೆ ಹಿಗ್ಗುವಂಥದ್ದಾದ್ದರಿಂದ, ದೊಡ್ಡವರ ಟೊಪ್ಪಿಗೆಯನ್ನು ತಲೆಯ ಅಳತೆಗಿಂತ 5 ಸೆಂಟಿಮೀಟರಿನಷ್ಟು ಕಡಿಮೆ ಮಾಡಬೇಕು; ಇಲ್ಲದಿದ್ದರೆ ಅದು ಜಾರಿ ಕಣ್ಣಿನ ಮೇಲೆ ಕೂರುತ್ತದೆ. 8ನೇ ನಂಬರಿನ ಕಡ್ಡಿಯಲ್ಲಿ, ಮಧ್ಯಮ ದಪ್ಪದ ಉಣ್ಣೆಯಲ್ಲಿ, ನಿಮ್ಮ ಕೈಗೆ 10 ಸೆಂಟಿಮೀಟರ್ ಅಗಲಕ್ಕೆ 22 ಕುಣಿಕೆ ಬರುತ್ತವೆ ಎಂದುಕೊಳ್ಳಿ. 56 ಸೆಂಟಿಮೀಟರಿನ ತಲೆಗೆ 51 ಸೆಂಟಿಮೀಟರಿನ ಟೊಪ್ಪಿಗೆ ಬೇಕು, ಅಂದರೆ 112 ಕುಣಿಕೆ. ಎರಡು ಕಡ್ಡಿಯಲ್ಲಿ ಹೆಣೆದು ಹಿಂದೆ ಹೊಲಿಯುವವರು ಹೊಲಿಗೆಗಾಗಿ ಎರಡು ಕುಣಿಕೆ ಹೆಚ್ಚು ಹಾಕಿಕೊಳ್ಳಬೇಕು. ಮೊದಲ 5 ಸೆಂಟಿಮೀಟರನ್ನು 10ನೇ ನಂಬರಿನ, ಅಂದರೆ 8ಕ್ಕಿಂತ ಸಣ್ಣ ಕಡ್ಡಿಯಲ್ಲಿ ಒಂದು ಕುಣಿಕೆ ಸೀದಾ, ಒಂದು ಕುಣಿಕೆ ಉಲ್ಟಾ ಹೆಣೆದರೆ ಅಂಚು ಹಣೆಯನ್ನು ಮೆತ್ತಗೆ ಹಿಡಿಯುತ್ತದೆ.

ಅಂಚೂ ಸೇರಿ 14 ಸೆಂಟಿಮೀಟರ್ ಆದ ಮೇಲೆ ನೆತ್ತಿಯನ್ನು ಕಟ್ಟುವ ಕೆಲಸ. 112 ಕುಣಿಕೆಗಳನ್ನು ಎಂಟು ಪಾಲು ಮಾಡಿದರೆ ಪಾಲಿಗೆ 14 ಬರುತ್ತವೆ. ಪ್ರತಿ ಪಾಲಿನಲ್ಲಿ 12 ಹೆಣೆದು ಕೊನೆಯ ಎರಡನ್ನು ಕೂಡಿಸಿ ಒಂದು ಮಾಡಬೇಕು. ಮುಂದಿನ ಸುತ್ತು ಬರೀ ಹೆಣಿಗೆ, ಅದರ ಮುಂದಿನದರಲ್ಲಿ 11 ಹೆಣೆದು ಎರಡನ್ನು ಕೂಡಿಸುವುದು. ಹೀಗೆ ಎಂಟೇ ಕುಣಿಕೆ ಉಳಿದಾಗ ದಾರವನ್ನು ಅವುಗಳೊಳಗೆ ಪೋಣಿಸಿ ಎಳೆದರೆ ನೆತ್ತಿ ಮುಚ್ಚುತ್ತದೆ. ಬಹುತೇಕರು ಇಲ್ಲಿಗೆ ಕಡ್ಡಿ ಕೆಳಗಿಡುತ್ತಾರೆ. ನನ್ನ ವಿನಂತಿ ಏನೆಂದರೆ, ಇಲ್ಲಿಗೆ ನಿಲ್ಲಿಸಬೇಡಿ. ಹಣೆಯ ಮೇಲಿನ 38 ಕುಣಿಕೆಗಳಷ್ಟು ಅಂಚನ್ನು ಬಿಟ್ಟು, ಉಳಿದ 74ರ ಜಾಗದಿಂದ ಹೊಸ ಕುಣಿಕೆ ಎತ್ತಿಕೊಂಡು, ಒಂದು ಸೀದಾ ಒಂದು ಉಲ್ಟಾ ಕ್ರಮದಲ್ಲೇ ಇನ್ನೂ 6 ಸೆಂಟಿಮೀಟರ್ ಕೆಳಗೆ ಹೆಣೆಯಿರಿ. ಒಂದು ಸಾಲು ಪೂರ್ತಿ ಸೀದಾ, ಮುಂದಿನ ಸಾಲು ಪೂರ್ತಿ ಉಲ್ಟಾ ಹೆಣೆದರೆ ಈ ಪಟ್ಟಿ ಸುರುಳಿಕೊಳ್ಳುತ್ತದೆ. ಸರಿಯಾಗಿ ಹೆಣೆದಾಗ ಎರಡೂ ಕಿವಿ, ಹಿಂಗತ್ತು ಒಳಗಾಗುತ್ತವೆ, ಟೊಪ್ಪಿಗೆ ಕುಂಚಿಗೆಯಾಗುತ್ತದೆ.

ಅಲಂಕಾರಕ್ಕೆ ಕಸೂತಿಯ ಗೋಪುರವನ್ನೋ ತೇರನ್ನೋ ಇಳಿಸುವ ಆಸೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಸಹಜ. ಎಳೆ ಎಣಿಸಿ ಹಾಕುವ ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ಕಸೂತಿಯ ಹೊಲಿಗೆಗಳನ್ನು ಬಲ್ಲ ಕೈಗೆ ಹೆಣಿಗೆಯ ಎಣಿಕೆ ಕಷ್ಟವಲ್ಲ. ಆದರೆ ಹೆಣಿಗೆಯ ಕುಣಿಕೆ ಚೌಕವಲ್ಲ, ಎತ್ತರಕ್ಕಿಂತ ಅಗಲ ಹೆಚ್ಚು. 10 ಸೆಂಟಿಮೀಟರಿಗೆ 22 ಕುಣಿಕೆ ಇದ್ದರೆ ಸಾಲುಗಳು ಸುಮಾರು 30 ಇರುತ್ತವೆ. ಆದ್ದರಿಂದ ಹದಿನೈದು ಚೌಕ ಅಗಲ, ಹದಿನೈದು ಚೌಕ ಎತ್ತರದ ಗೋಪುರವನ್ನು ಹಾಗೆಯೇ ಇಳಿಸಿದರೆ 7 ಸೆಂಟಿಮೀಟರ್ ಅಗಲವಾಗಿ, 5 ಸೆಂಟಿಮೀಟರ್ ಮಾತ್ರ ಎತ್ತರವಾಗಿ ಕುಗ್ಗಿ ಕೂರುತ್ತದೆ. ನಡುವೆ ಐದು ಸಾಲು ಸೇರಿಸಿ, ಗೋಪುರ ನೆಟ್ಟಗೆ ನಿಲ್ಲುತ್ತದೆ.

ಕೂಸಿನ ವಿಷಯಕ್ಕೆ ಮತ್ತೆ ಬರುತ್ತೇನೆ. ಮೈಯ ಶಾಖದಲ್ಲಿ ಅರ್ಧ ಭಾಗ ತಲೆಯಿಂದಲೇ ಹೋಗುತ್ತದೆ ಎಂಬ ಮಾತು ದೊಡ್ಡವರ ಮಟ್ಟಿಗೆ ನಿಜವಲ್ಲ, ಅವರ ತಲೆ ಮೈಯ ಹೊರಮೈಯಲ್ಲಿ ಹತ್ತರಲ್ಲೊಂದು ಪಾಲಿನಷ್ಟೇ. ಹಸುಗೂಸಿನ ತಲೆ ಮೈಗೆ ಹೋಲಿಸಿದರೆ ಬಹಳ ದೊಡ್ಡದು, ಸುಮಾರು ಐದರಲ್ಲೊಂದು ಪಾಲು. ಅದಕ್ಕೇ ಹುಟ್ಟಿದ ಕೂಡಲೇ ಒರೆಸಿ ಟೊಪ್ಪಿಗೆ ತೊಡಿಸುತ್ತಾರೆ. ಆ ಟೊಪ್ಪಿಗೆಗೆ 72 ಕುಣಿಕೆ ಸಾಕು. ಚುಚ್ಚದ, ಮೆತ್ತನೆಯ ದಾರ ಆರಿಸಿ. ದಖ್ಖನಿ ಕುರಿಯ ಉಣ್ಣೆ ಕಂಬಳಿಗೆ ಒಳ್ಳೆಯದು, ಎಳೆಯ ಚರ್ಮಕ್ಕೆ ಒರಟು. ಗುಂಡಿ, ಗೊಂಡೆ, ಗದ್ದದ ಕೆಳಗೆ ಕಟ್ಟುವ ಲಾಡಿ ಇವು ಯಾವುವೂ ಬೇಡ, ಬಾಯಿಗೆ ಹೋಗುತ್ತವೆ ಇಲ್ಲವೇ ಕುತ್ತಿಗೆಗೆ ಸುತ್ತಿಕೊಳ್ಳುತ್ತವೆ. ಕೂಸಿನ ಹಿಂಗತ್ತನ್ನು ಆಗಾಗ ಮುಟ್ಟಿ ನೋಡಿ, ಬೆವರಿದ್ದರೆ ಟೊಪ್ಪಿಗೆ ತೆಗೆಯಿರಿ.

ದಾರಗಳಲ್ಲಿ ಅಕ್ರಿಲಿಕ್ ಅಗ್ಗ, ತೊಳೆಯಲು ಸುಲಭ. ಆದರೆ ಬೆಂಕಿಯ ಬಿಸಿಗೆ ಕರಗುವುದರಿಂದ ಅದನ್ನು ತೊಟ್ಟು ನೀರೊಲೆಯ ಮುಂದೆ ಕೂರಬಾರದು. ಅಪ್ಪಟ ಉಣ್ಣೆ ಒದ್ದೆಯೆನಿಸದೆಯೇ ಸಾಕಷ್ಟು ತೇವವನ್ನು ಹೀರಿಕೊಳ್ಳುತ್ತದೆ, ಹೀಗಾಗಿ ಮಂಜಿನಲ್ಲಿಯೂ ಬೆಚ್ಚಗಿರುತ್ತದೆ. ಅದರ ವೈರಿ ಬಿಸಿನೀರು. ನನ್ನ ತಂದೆಯವರಿಗಾಗಿ ಹೆಣೆದ ಮೊದಲ ಟೊಪ್ಪಿಗೆಯನ್ನು ನಾನು ಬಿಸಿನೀರಿನಲ್ಲಿ ಉಜ್ಜಿ ತೊಳೆದೆ; ಎಳೆಗಳ ಮೇಲಿನ ಹುರುಪೆಗಳು ಒಂದಕ್ಕೊಂದು ಹೆಣೆದುಕೊಂಡು ಅದು ತೆಂಗಿನ ಚಿಪ್ಪಿನಷ್ಟಾಯಿತು, ಮತ್ತೆ ಹಿಗ್ಗಲಿಲ್ಲ. ಆ ಚಳಿಗಾಲವನ್ನು ಅವರು ಮಫ್ಲರ್ ಸುತ್ತಿಕೊಂಡೇ ಕಳೆದರು. ಈಗ ತಣ್ಣೀರಿನಲ್ಲಿ ಅದ್ದಿ, ಹಿಂಡದೆ ಟವೆಲಿನಲ್ಲಿ ಒತ್ತಿ, ತಲೆಯಷ್ಟೇ ಗಾತ್ರದ ಪಾತ್ರೆಯೊಂದನ್ನು ಬೋರಲು ಹಾಕಿ ಅದರ ಮೇಲೆ ನೆರಳಿನಲ್ಲಿ ಒಣಗಿಸುತ್ತೇನೆ.

ನಮಸ್ಕಾರ.