ಎಂಬತ್ತು ಜನಕ್ಕೆ ಮೈಕ್ ಯಾಕೆ ಬೇಕು?

ನಮಸ್ಕಾರ. ಇವತ್ತು ದಸರಾ ಕಛೇರಿಗಳ ಬಗ್ಗೆ ಮಾತಾಡೋಣ ಅಂತ ಎಲ್ಲ ಬರೆದುಕೊಂಡು ಕೂತಿದ್ದೆ. ಅದು ಮುಂದಿನ ವಾರಕ್ಕೆ ಹೋಯಿತು. ಕಾರಣ ಒಂದು ಕಾಮೆಂಟ್. ನಮ್ಮ ಉತ್ಸವದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಮೈಕ್ ಬಾಡಿಗೆಗೂ ಗತಿ ಇಲ್ಲದವರು ಸಂಗೀತೋತ್ಸವ ಯಾಕೆ ಮಾಡಬೇಕು?"

ಓದಿ ಎರಡು ದಿನ ಆಯಿತು. ಸಿಟ್ಟು ಇನ್ನೂ ಇಳಿದಿಲ್ಲ.

ಹೊಸದಾಗಿ ಬಂದವರಿಗೆ ಒಂದು ಮಾತು. ಮೈಸೂರಿನ ಒಂದು ಹಳೇ ತೊಟ್ಟಿಮನೆಯಲ್ಲಿ ನಾವು ಹತ್ತು ಹನ್ನೆರಡು ಜನ ಸೇರಿ ವರ್ಷಕ್ಕೆ ಮೂರು ದಿನ ಕಛೇರಿ ನಡೆಸುತ್ತೇವೆ. ನಮ್ಮಲ್ಲಿ ಯಾರಿಗೂ ಸಂಬಳ ಇಲ್ಲ. ಜಮಖಾನ ಹಾಸುವವರು ನಾವೇ, ಕಲಾವಿದರನ್ನು ರೈಲ್ವೆ ಸ್ಟೇಷನ್‌ನಿಂದ ಕರೆತರುವವರು ನಾವೇ, ಕಾಫಿ ಲೋಟ ತೊಳೆಯುವವರೂ ನಾವೇ. ಬಂದ ಕಾಣಿಕೆಯೆಲ್ಲ ಕಲಾವಿದರ ಸಂಭಾವನೆಗೆ ಹೋಗುತ್ತದೆ. ಹಜಾರದಲ್ಲಿ ಒತ್ತಿಕೊಂಡು ಕೂತರೆ 80 ಜನ ಹಿಡಿಸುತ್ತಾರೆ. ಮೈಕ್ ಇಲ್ಲ, ಸ್ಪೀಕರ್ ಇಲ್ಲ. ದುಡ್ಡು ಸಾಲದೆ ಬಿಟ್ಟಿದ್ದಲ್ಲ ಅದು. ಮೊದಲ ವರ್ಷದ ಮೀಟಿಂಗ್‌ನಲ್ಲಿ ಒಂದು ಗಂಟೆ ಜಗಳ ಆಡಿ, ಬೇಡವೇ ಬೇಡ ಅಂತ ತೀರ್ಮಾನ ಮಾಡಿ ಬಿಟ್ಟಿದ್ದು.

ಇವತ್ತು ನಾನು ಹೇಳುವುದು ಇದೊಂದೇ. ಸಣ್ಣ ಜಾಗದ ಕಛೇರಿಗೆ ಮೈಕ್ ಬೇಡ.

ಮೈಸೂರಲ್ವಾ, ವೀಣೆಯಿಂದಲೇ ಶುರು ಮಾಡುತ್ತೇನೆ. ವೀಣೆಗೆ 24 ಮೆಟ್ಟಿಲು, ಅಂದರೆ ತಂತಿಯ ಕೆಳಗಿನ ಲೋಹದ ಪಟ್ಟಿಗಳು, ಮತ್ತೆ 7 ತಂತಿ. ನಾಲ್ಕು ನುಡಿಸುವುದಕ್ಕೆ, ಮೂರು ತಾಳಕ್ಕೆ. ವೈಣಿಕರು ಒಂದು ಸಲ ಮೀಟುತ್ತಾರೆ. ಆಮೇಲೆ ಅದೇ ಮೆಟ್ಟಿಲ ಮೇಲೆ ಎಡಗೈಯಿಂದ ತಂತಿಯನ್ನು ಎಳೆಯುತ್ತಾರೆ. ಒಂದೇ ಮೀಟಿನಲ್ಲಿ ಎರಡು, ಮೂರು ಸ್ವರ ಹೊರಡುತ್ತವೆ. ಒಂದೊಂದೂ ಹಿಂದಿನದಕ್ಕಿಂತ ಮೆಲ್ಲಗೆ. ಕೊನೆಯದು ನಿಜವಾಗಿ ಕೇಳಿತೋ, ಕೇಳಿದ ಹಾಗೆ ಅನಿಸಿತೋ ಗೊತ್ತಾಗುವುದಿಲ್ಲ. ಆ ಹೊತ್ತಿನಲ್ಲಿ ಕೂತವರೆಲ್ಲ ಗೊತ್ತಿಲ್ಲದೇ ಒಂದು ಗೇಣು ಮುಂದಕ್ಕೆ ಬಾಗುತ್ತಾರೆ. ನಾನು ಬಾಗಿಲ ಹತ್ತಿರ ನಿಂತು ಎಷ್ಟೋ ಸಲ ನೋಡಿದ್ದೇನೆ.

ಈಗ ಅದೇ ವೀಣೆಗೆ ಒಂದು ಪಿಕಪ್, ಅಂದರೆ ವಾದ್ಯದ ಮೈಗೇ ಕೂರುವ ಸಣ್ಣ ಮೈಕ್, ಅಂಟಿಸಿ. ಆರಿಹೋಗಬೇಕಾದ ನಾದ ಆರುವುದೇ ಇಲ್ಲ. ಉಗುರು ತಂತಿಗೆ ತಾಗುವ ಸಣ್ಣ ಸದ್ದು ಸುತ್ತಿಗೆ ಪೆಟ್ಟಿನ ಹಾಗೆ ಬರುತ್ತದೆ. ಮರದ ದನಿ ಹೋಗಿ ಎಲೆಕ್ಟ್ರಿಕ್ ಗಿಟಾರಿನ ದನಿ ಕೂರುತ್ತದೆ. ವೀಣೆ ಶೇಷಣ್ಣನವರು ತೀರಿಕೊಂಡಿದ್ದು 1926ರಲ್ಲಿ. ಈ ಊರು ಅವರ ವೀಣೆಗೆ ಮರುಳಾಗಿದ್ದು ಮೈಕ್ ಇಲ್ಲದ ಕಾಲದಲ್ಲಿ. ಕುವೆಂಪುನಗರದಲ್ಲಿ ಅವರ ಹೆಸರಿನ ಭವನ ಇದೆ, ಹೆಸರು ಉಳಿಸಿಕೊಂಡಿದ್ದೇವೆ. ಅವರ ಕಾಲದವರು ಕೇಳಿದ ರೀತಿಯನ್ನೂ ಉಳಿಸಿಕೊಳ್ಳೋಣ ಅಂದರೆ ತಪ್ಪೇ?

ಇಲ್ಲಿ ಒಬ್ಬರು ಬುದ್ಧಿವಂತರು ಕೈ ಎತ್ತುತ್ತಾರೆ. ಪ್ರತಿ ಸಲ ಎತ್ತುತ್ತಾರೆ. "ಹಾಗಾದರೆ ಚೌಡಯ್ಯನವರು ಯಾಕೆ ಏಳು ತಂತಿಯ ಪಿಟೀಲು ಮಾಡಿಕೊಂಡರು?" ಒಳ್ಳೆಯ ಪ್ರಶ್ನೆ. ಪಿಟೀಲಿಗೆ ನಾಲ್ಕು ತಂತಿ. ಅವರು ಇನ್ನೂ ಮೂರು ಸೇರಿಸಿದರು. ಹಿಂದೆ ಕೂತವರಿಗೂ ನಾದ ಮುಟ್ಟಬೇಕು ಅನ್ನುವುದೇ ಕಾರಣ. ಆದರೆ ಅವರು ಏನು ಮಾಡಿದರು ನೋಡಿ. ವಾದ್ಯವನ್ನೇ ಬದಲಾಯಿಸಿದರು. ಆ ವಾದ್ಯಕ್ಕೆ ತಕ್ಕ ಹಾಗೆ ಕಮಾನಿನ ಕೈ ಪಳಗಿಸಿದರು. ಗಾಯಕ ಬಿಡಾರಂ ಕೃಷ್ಣಪ್ಪನವರ ಶಿಷ್ಯ ಅವರು. ದನಿ ತುಂಬುವುದು ಕಲಾವಿದನ ಕೆಲಸ ಅನ್ನುವ ಮನೆಯಲ್ಲಿ ಬೆಳೆದವರು. ಚೌಡಯ್ಯನವರು ನಾದ ದೊಡ್ಡದು ಮಾಡಿದ್ದು ಕೈಯಿಂದ. ನಾವು ಮಾಡುತ್ತಿರುವುದು ಗುಬುಟು ತಿರುಗಿಸಿ. ಎರಡೂ ಒಂದೇ ಅಂತ ಹೇಳುವವರಿಗೆ ನನ್ನ ಹತ್ತಿರ ಉತ್ತರ ಇಲ್ಲ, ಉತ್ತರ ಕೊಡುವ ಆಸೆಯೂ ಇಲ್ಲ.

ದೊಡ್ಡ ಜಾಗದ ಮಾತು ಬೇರೆ, ಅದನ್ನು ಒಪ್ಪುತ್ತೇನೆ. ನಮ್ಮೂರಿನ 8ನೇ ಕ್ರಾಸ್ ಗಣೇಶೋತ್ಸವದ ಕಛೇರಿಗಳು 1962ರಿಂದ ನಡೆಯುತ್ತಿವೆ. ರಾಮನವಮಿ ಕಛೇರಿ ನಡೆಸುವ ಬೆಂಗಳೂರಿನ ಚಾಮರಾಜಪೇಟೆಯ ರಾಮಸೇವಾ ಮಂಡಳಿ 1939ರದು. ಪೆಂಡಾಲ್ ತುಂಬ ಜನ, ಹೊರಗೆ ರಸ್ತೆ. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲಿ ಕಟ್ಟಿದ ಚೌಡಯ್ಯ ಸ್ಮಾರಕ ಭವನದಲ್ಲಿ ಸಾವಿರಕ್ಕೂ ಹೆಚ್ಚು ಜನ ಕೂರುತ್ತಾರೆ. ಅಲ್ಲೆಲ್ಲ ಮೈಕ್ ಬೇಕು. ಯಾರು ಬೇಡ ಅಂದರು? ನಾನು ಹೇಳುತ್ತಿರುವುದು ಹಜಾರದ ಮಾತು. 80 ಜನರ ಮಾತು. ಮೊದಲ ಸಾಲಿನಿಂದ ಕೊನೆಯ ಸಾಲಿಗೆ ಹದಿನೈದು ಹೆಜ್ಜೆ ಇಲ್ಲ!

ಇದು ನಮ್ಮೊಬ್ಬರ ಹುಚ್ಚೂ ಅಲ್ಲ. ಪಾಶ್ಚಾತ್ಯರು ಚೇಂಬರ್ ಮ್ಯೂಸಿಕ್ ಅಂತಾರೆ. ಚೇಂಬರ್ ಅಂದರೆ ಕೋಣೆ. ಕೋಣೆಯ ಸಂಗೀತ ಅಂತಲೇ ಹೆಸರಿಟ್ಟಿದ್ದಾರೆ. ಎರಡು ವಯೊಲಿನ್, ಒಂದು ವಯೋಲ, ಒಂದು ಚೆಲ್ಲೊ. ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ನುಡಿಸುತ್ತಾರೆ, ಇವತ್ತಿಗೂ ಹೆಚ್ಚಾಗಿ ಮೈಕ್ ಇಲ್ಲದೆ. ನಮ್ಮ ಉತ್ತರ ಕರ್ನಾಟಕದ ಕಡೆ ಹಿಂದೂಸ್ತಾನಿ ಸಂಗೀತದ ಇಂಥ ಸಣ್ಣ ಕಛೇರಿಗೆ ಬೈಠಕ್ ಅಂತಾರೆ, ಅದೂ ಹೀಗೆಯೇ ಬೆಳೆದು ಬಂದದ್ದು.

ಮುಂದೆ ಹೋಗುವ ಮೊದಲು, ಇನ್ನೂ ಸಬ್‌ಸ್ಕ್ರೈಬ್ ಮಾಡಿಲ್ಲದಿದ್ದರೆ ಮಾಡಿ. ಈ ಚಾನೆಲ್‌ನಿಂದ ಬರುವ ಎಲ್ಲ ದುಡ್ಡೂ ಉತ್ಸವದ ಖರ್ಚಿಗೆ ಹೋಗುತ್ತದೆ. ಹೋದ ವರ್ಷ ಮೃದಂಗದವರ ರೈಲು ಟಿಕೆಟ್ ಬಂದಿದ್ದು ನಿಮ್ಮಿಂದಲೇ. ತುಂಬ ಥ್ಯಾಂಕ್ಸ್.

ಈಗ "ಹಿಂದೆ ಕೂತವರಿಗೆ ಕೇಳಲ್ಲ" ಅನ್ನುವ ಹಾಡು. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ನಿಜ. ಒಳಗೆ ಹಾಗಲ್ಲ. ಗೋಡೆ, ಮರದ ತೊಲೆ, ಗಾರೆ ನೆಲ ಎಲ್ಲ ಸದ್ದನ್ನು ವಾಪಸ್ ಕೊಡುತ್ತವೆ. ನಮ್ಮ ಹಜಾರದ ಕೊನೆಯ ಸಾಲಿನಲ್ಲಿ ಕೂತು ನಾನೇ ಕೇಳಿದ್ದೇನೆ. ಕೇಳದೆ ಇರುವುದಕ್ಕೆ ನಿಜವಾದ ಕಾರಣ ಮೇಲೆ ತಿರುಗುತ್ತಿರುವ ಫ್ಯಾನ್. ಮೊದಲ ವರ್ಷವೇ ಗೊತ್ತಾಯಿತು. ನಾಲ್ಕು ಫ್ಯಾನ್ ಆಫ್ ಮಾಡಿದೆವು, ತಂಬೂರಿ ಮೂಲೆ ಮೂಲೆಗೂ ಕೇಳಿಸಿತು. ಆವತ್ತಿನಿಂದ ಉತ್ಸವವನ್ನು ಜನವರಿಗೆ ಹಾಕಿಕೊಂಡೆವು, ಸೆಕೆ ಇರುವುದಿಲ್ಲ ಅಂತ. ಕಿವಿ ಮಂದ ಇರುವ ಹಿರಿಯರಿಗೆ ಮೊದಲ ಸಾಲು ಬಿಟ್ಟಿದ್ದೇವೆ. ನಮ್ಮ ಹುಡುಗರು ಇಬ್ಬರು ಗೇಟಿನಲ್ಲಿ ನಿಂತು ಆಟೋದವರಿಗೆ "ಹಾರ್ನ್ ಬೇಡ ಅಣ್ಣಾ" ಅಂತ ಕೈ ಮುಗಿಯುತ್ತಾರೆ. ಅಷ್ಟು ಸಾಕು. ಸಣ್ಣ ಜಾಗಕ್ಕೆ ಮೈಕ್ ಬೇಡ.

ಮೈಕ್ ಬಂದ ಕಛೇರಿಯಲ್ಲಿ ಏನಾಗುತ್ತದೆ, ನೀವೇ ನೋಡಿರುತ್ತೀರಿ. ಆಲಾಪನೆ ಶುರುವಾಗುತ್ತದೆ. ಗಾಯಕರು ಕಣ್ಣು ಮುಚ್ಚುತ್ತಾರೆ. ಒಂದು ನಿಮಿಷ ಆಗಿರುವುದಿಲ್ಲ, ಕಣ್ಣು ತೆರೆದು ಮೈಕ್‌ನವನ ಕಡೆ ನೋಡಿ ಬೆರಳು ಮೇಲೆತ್ತುತ್ತಾರೆ. ಜಾಸ್ತಿ ಮಾಡಪ್ಪ ಅಂತ. ಅವನು ಜಾಸ್ತಿ ಮಾಡುತ್ತಾನೆ. ಪಿಟೀಲಿನವರಿಗೆ ತಮ್ಮದು ಕೇಳಿಸುವುದಿಲ್ಲ, ಅವರೂ ಬೆರಳು ಎತ್ತುತ್ತಾರೆ. ಆಮೇಲೆ ಮೃದಂಗ. ಆಮೇಲೆ ಘಟ. ಎಲ್ಲರದೂ ಏರಿ ಏರಿ ಕೊನೆಗೆ ಒಂದು ಕೂಂಯ್ ಅಂತ ಕಿರುಚು. ರಾಗ ಎಲ್ಲಿಗೆ ಬಂದಿತ್ತು? ಯಾರಿಗೆ ನೆನಪಿದೆ? ಪಕ್ಕದಲ್ಲಿ ಮೊಣಕೈ ತಾಗುವಷ್ಟು ಹತ್ತಿರ ಕೂತವರು ಒಬ್ಬರನ್ನೊಬ್ಬರು ಸ್ಪೀಕರ್ ಮೂಲಕ ಕೇಳಿಸಿಕೊಳ್ಳುತ್ತಿದ್ದಾರೆ! ಇದಕ್ಕೆ ಬಾಡಿಗೆ ಬೇರೆ ಕೊಡಬೇಕು.

ನಮ್ಮಲ್ಲಿ ಹೋದ ವರ್ಷ ಒಬ್ಬರು ಮೃದಂಗದವರು ಬಂದಿದ್ದರು. ಮೊದಲ ಕೃತಿಗೆ ಅಭ್ಯಾಸಬಲದಿಂದ ಜೋರಾಗಿ ನುಡಿಸಿದರು. ವೀಣೆ ಪೂರ್ತಿ ಮುಳುಗಿತು. ಯಾರೂ ಏನೂ ಹೇಳಲಿಲ್ಲ. ಎರಡನೇ ಕೃತಿಗೆ ಅವರೇ ಕೈ ತಗ್ಗಿಸಿದರು. ಮೂರನೆಯದರಲ್ಲಿ ಬರೀ ಬೆರಳ ತುದಿ. ವೀಣೆ ಕೆಳಸ್ಥಾಯಿಗೆ ಇಳಿದಾಗ ಬಲಗೈ ನಿಲ್ಲಿಸಿ ಎಡದಲ್ಲಿ ಮಾತ್ರ ಒಂದು ಗುಂಕಿ, ಅಂದರೆ ಜಾರುವ ಮಂದ್ರ ನಾದ, ಕೊಟ್ಟು ಸುಮ್ಮನಾದರು. ವೈಣಿಕರು ತಿರುಗಿ ನೋಡಿ ನಕ್ಕರು. ಕಛೇರಿ ಮುಗಿದ ಮೇಲೆ ಮೃದಂಗದವರು ನಮ್ಮ ಹತ್ತಿರ ಬಂದು, ಎಷ್ಟೋ ವರ್ಷದ ಮೇಲೆ ಪಕ್ಕದವರು ನುಡಿಸಿದ್ದನ್ನು ಕೇಳಿಸಿಕೊಂಡು ನುಡಿಸಿದೆ ಅಂದರು. ಆ ಕಾಮೆಂಟ್ ಬರೆದವರಿಗೆ ನಾನು ಹೇಳಬೇಕಾದದ್ದು ಇದೇ. ಗತಿ ಇಲ್ಲದ್ದು ಯಾರಿಗೆ ಸ್ವಾಮಿ?

"ನೀನೇ ಮೈಕ್ ಮುಂದೆ ಕೂತು ಮೈಕ್ ಬೇಡ ಅಂತೀಯಲ್ಲ" ಅಂತ ಈಗಾಗಲೇ ಯಾರೋ ಟೈಪ್ ಮಾಡುತ್ತಿದ್ದೀರಿ, ನನಗೆ ಗೊತ್ತು. ನೀವು ನನ್ನ ಕೋಣೆಯಲ್ಲಿ ಇಲ್ಲ, ಅದಕ್ಕೆ ಮೈಕ್. ಕೋಣೆಗೆ ಬಂದರೆ ಆಫ್ ಮಾಡುತ್ತೇನೆ. "ರೆಕಾರ್ಡಿಂಗ್‌ಗೆ ಮೈಕ್ ಬೇಡವಾ?" ಬೇಕು. ಮೂಲೆಯಲ್ಲಿ ಒಂದು ಸಣ್ಣದು ಇಟ್ಟಿರುತ್ತೇವೆ. ಅದು ಕೇಳಿಸಿಕೊಳ್ಳುತ್ತದೆ, ಕಿರುಚುವುದಿಲ್ಲ. "ಈಗಿನ ಕಾಲದವರಿಗೆ ಇದೆಲ್ಲ ಹಿಡಿಸಲ್ಲ." ಯಾರು ಹೇಳಿದ್ದು? ಹೋದ ವರ್ಷ ಮುಂದೆ ಜಮಖಾನದ ಮೇಲೆ ಕೂತಿದ್ದವರು ಶಾಲೆ ಮಕ್ಕಳು. ಅದರಲ್ಲಿ ಒಂದು ಹುಡುಗಿ ವೀಣೆಯ ಬುರುಡೆ ಪಕ್ಕಕ್ಕೇ ಜರುಗಿಕೊಂಡು ಕೂತಿತ್ತು. ಎಬ್ಬಿಸಲು ಹೋದವರನ್ನು ವೈಣಿಕರೇ ಬೇಡ ಅಂದರು.

ಬೇಡ. ಬೇಡ ಅಂದರೆ ಬೇಡ. ಸ್ಪಾನ್ಸರ್ ಕೊಟ್ಟರೂ ಬೇಡ, ಪುಕ್ಕಟೆ ಕೊಟ್ಟರೂ ಬೇಡ. ನೀವು ಸಾವಿರ ಕಾಮೆಂಟ್ ಹಾಕಿ, ನಮ್ಮ ಹಜಾರಕ್ಕೆ ಸ್ಪೀಕರ್ ಬರುವುದಿಲ್ಲ.

ಜನವರಿಯಲ್ಲಿ ಬನ್ನಿ. ಸ್ವಯಂಸೇವಕರು ಇನ್ನೂ ನಾಲ್ಕು ಜನ ಬೇಕಾಗಿದ್ದಾರೆ, ಇಬ್ಬರು ಗೇಟಿಗೆ, ಇಬ್ಬರು ಕಾಫಿಗೆ. ಹೆಸರು ಬರೆದು ಕಳಿಸಿ. ಆ ಕಾಮೆಂಟ್ ಬರೆದವರೂ ಬನ್ನಿ, ನಿಮಗೆ ಕೊನೆಯ ಸಾಲಿನಲ್ಲೇ ಜಾಗ ಇಟ್ಟಿರುತ್ತೇನೆ. ಸಂಜೆ ಆರಕ್ಕೆ ಸರಿಯಾಗಿ ಶುರು. ಫೋನ್ ಆಫ್ ಮಾಡಿಕೊಂಡು ಬನ್ನಿ.