ಗ್ರೀಕ್ ಶಿಲ್ಪಿಗಳು ಕಂಡ ಆದರ್ಶ ದೇಹ

ಕೇಳುಗರೆಲ್ಲರಿಗೂ ನಮಸ್ಕಾರ. ಪ್ರಾಚೀನ ಗ್ರೀಕ್ ಶಿಲ್ಪಗಳ ಮಾತು ಬಂದ ಕೂಡಲೇ ಎಲ್ಲರೂ ಮುಖದ ಚೆಲುವನ್ನು ಹೊಗಳತೊಡಗುತ್ತಾರೆ. ನೇರವಾದ ಮೂಗು, ತುಂಬಿದ ತುಟಿ, ಪ್ರಶಾಂತವಾದ ನೋಟ ಎಂದು ವರ್ಣಿಸುತ್ತಾರೆ. ಈ ಕೆಲವು ನಿಮಿಷಗಳ ಮಟ್ಟಿಗೆ ದಯವಿಟ್ಟು ಮುಖವನ್ನು ಮರೆತು ಸೊಂಟವನ್ನು ನೋಡಿ. ದೇಹದ ಭಾರ ಯಾವ ಕಾಲಿನ ಮೇಲೆ ಬಿದ್ದಿದೆ, ಆ ಭಾರಕ್ಕೆ ಉಳಿದ ಅಂಗಗಳು ಹೇಗೆ ಓಗೊಟ್ಟಿವೆ ಎಂಬುದನ್ನು ಗುರುತಿಸಲು ಕಲಿತವರಿಗೆ ಗ್ರೀಕರ ಆದರ್ಶ ಸೌಂದರ್ಯವೆಂದರೆ ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕ್ರಿ.ಪೂ. 600ರ ಆಸುಪಾಸಿನಲ್ಲಿ ಗ್ರೀಕರು ಗೋರಿಗಳ ಮೇಲೆ ಹಾಗೂ ದೇವಾಲಯಗಳ ಅಂಗಳದಲ್ಲಿ ಬೆತ್ತಲೆ ಯುವಕರ ಅಮೃತಶಿಲೆಯ ವಿಗ್ರಹಗಳನ್ನು ನಿಲ್ಲಿಸುತ್ತಿದ್ದರು. ಇವುಗಳಿಗೆ ಕೂರೊಸ್ ಎಂದು ಹೆಸರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಅಂಥದೊಂದು ಆಳೆತ್ತರದ ವಿಗ್ರಹವಿದೆ. ಅದರ ಎಡಗಾಲು ಮುಂದಿದೆ, ಕೈಗಳು ತೊಡೆಗಂಟಿಕೊಂಡು ಮುಷ್ಟಿ ಬಿಗಿದಿವೆ. ಈ ಭಂಗಿಯನ್ನು ಗ್ರೀಕರು ಈಜಿಪ್ಟಿನಿಂದ ಪಡೆದರು. ಆದರೆ ಈಜಿಪ್ಟಿನ ಶಿಲ್ಪಿಗಳು ಬೆನ್ನಿಗೆ ಆಸರೆಯಾಗಿ, ಕಾಲುಗಳ ನಡುವೆ ತುಂಬಿಕೊಂಡಂತೆ ಉಳಿಸುತ್ತಿದ್ದ ಕಲ್ಲನ್ನು ಇವರು ಕಡಿದು ತೆಗೆದು, ದೇಹವನ್ನು ತನ್ನ ಕಾಲ ಮೇಲೆಯೇ ನಿಲ್ಲಿಸಿದರು. ಇಷ್ಟಾದರೂ ಆ ಸೊಂಟವನ್ನು ಗಮನಿಸಿ. ಕಾಲೊಂದು ಮುಂದೆ ಹೋಗಿದ್ದರೂ ಸೊಂಟದ ಎರಡು ಬದಿಗಳು ದಾರ ಹಿಡಿದು ಗೆರೆ ಎಳೆದಂತೆ ಒಂದೇ ಮಟ್ಟದಲ್ಲಿವೆ. ಕಾಲಿಟ್ಟ ಸುದ್ದಿ ಮೇಲಿನ ಅಂಗಗಳಿಗೆ ತಲುಪಿಯೇ ಇಲ್ಲ. ಹೊಟ್ಟೆಯ ಸ್ನಾಯು, ಮಂಡಿಯ ಚಿಪ್ಪು, ಕಿವಿಯ ಸುರುಳಿ ಎಲ್ಲವೂ ಇವೆ, ಎಲ್ಲವೂ ಬಿಡಿಬಿಡಿಯಾಗಿವೆ.

ಮುಂದಿನ ನೂರು ವರ್ಷಗಳಲ್ಲಿ ಈ ಯುವಕರ ಮೈ ತುಂಬಿಕೊಂಡಿತು, ಕೆನ್ನೆ ದುಂಡಗಾಯಿತು, ತುಟಿಯ ಮೇಲೆ ನಗೆಯೂ ಮೂಡಿತು, ಆದರೆ ಸೊಂಟ ಮಾತ್ರ ಅಲುಗಲಿಲ್ಲ. ಅದು ಅಲುಗಿದ್ದು ಕ್ರಿ.ಪೂ. 480ರ ಸುಮಾರಿಗೆ, ಪರ್ಷಿಯನ್ನರು ಅಥೆನ್ಸಿನ ಅಕ್ರೊಪೊಲಿಸನ್ನು ಸುಟ್ಟ ಕಾಲದ ಆಸುಪಾಸಿನಲ್ಲಿ. ಆ ಗುಡ್ಡದ ಮೇಲೆ ಸಿಕ್ಕ, ಇಂದು ಕ್ರಿಟಿಯೊಸ್ ಬಾಲಕ ಎಂದು ಕರೆಯಲಾಗುವ ವಿಗ್ರಹದ ಮುಂಡ ದೊರೆತದ್ದು 1865ರಲ್ಲಿ, ತಲೆ ದೊರೆತದ್ದು 1888ರಲ್ಲಿ, ಪಾದಗಳು ಉಳಿದಿಲ್ಲ. ಆದರೂ ಭಾರವೆಲ್ಲ ಎಡಗಾಲಿನ ಮೇಲಿದೆಯೆಂದು ನೋಡಿದೊಡನೆ ತಿಳಿಯುತ್ತದೆ. ಬಲಮಂಡಿ ಸಡಿಲವಾಗಿದೆ, ಎಡ ಸೊಂಟ ತುಸು ಮೇಲೆದ್ದಿದೆ, ಬಲ ಸೊಂಟ ಇಳಿದಿದೆ, ತಲೆ ಒಂದಿಷ್ಟೇ ಇಷ್ಟು ಬಲಕ್ಕೆ ಹೊರಳಿದೆ. ಹಳೆಯ ನಗೆ ಮಾಯವಾಗಿದೆ. ಕಣ್ಣಿನ ಗುಳಿಗಳಲ್ಲಿ ಕೂರಿಸಿದ್ದ ಕಣ್ಣುಗಳೂ ಈಗಿಲ್ಲ. ಹಾಗಿದ್ದರೂ ಈ ಹುಡುಗ ಜೀವಂತನಾಗಿ ಕಾಣುತ್ತಾನೆ. ಒಂದು ಕಾಲು ಸಡಿಲಿಸಿದ್ದಕ್ಕೆ ಇಡೀ ದೇಹ ಓಗೊಟ್ಟದ್ದೇ ಅದಕ್ಕೆ ಕಾರಣ.

ಈ ಸೂಕ್ಷ್ಮವನ್ನು ಶಾಸ್ತ್ರವನ್ನಾಗಿ ಮಾಡಿದವನು ಆರ್ಗೊಸ್ ನಗರದ ಪಾಲಿಕ್ಲೈಟೊಸ್. ಅವನ ವಿಷಯದಲ್ಲಿ ನನಗೆ ಬಹಳ ಪ್ರಿಯವಾದ ಕಥೆಯೊಂದಿದೆ. ಅವನ ಕಾಲಕ್ಕಿಂತ ಆರು ನೂರಕ್ಕೂ ಹೆಚ್ಚು ವರ್ಷಗಳ ನಂತರದ ಈಲಿಯನ್ ಎಂಬ ಲೇಖಕ ಅದನ್ನು ದಾಖಲಿಸಿದ್ದಾನೆ. ಪಾಲಿಕ್ಲೈಟೊಸ್ ಏಕಕಾಲದಲ್ಲಿ ಎರಡು ವಿಗ್ರಹಗಳನ್ನು ಮಾಡತೊಡಗಿದನಂತೆ. ಒಂದನ್ನು ತನ್ನ ಕಲೆಯ ನಿಯಮದಂತೆ ರೂಪಿಸಿದ. ಇನ್ನೊಂದನ್ನು ಜನರ ಇಷ್ಟಕ್ಕೆ ಬಿಟ್ಟ. ಬಂದವರು ಏನು ಹೇಳಿದರೂ ಮರುಮಾತಾಡದೆ ಅದನ್ನು ಹಾಗೆಯೇ ತಿದ್ದುತ್ತಿದ್ದ. ಆ ಶಿಲ್ಪಶಾಲೆಯನ್ನು ಕಣ್ಣೆದುರು ತಂದುಕೊಳ್ಳಿ. ಒಬ್ಬನಿಗೆ ತೊಡೆ ಸಣಕಲೆನಿಸಿರಬಹುದು, ಮತ್ತೊಬ್ಬನಿಗೆ ಎದೆ ಇನ್ನಷ್ಟು ಹರವಾಗಬೇಕೆನಿಸಿರಬಹುದು, ಮೂರನೆಯವನಿಗೆ ಭುಜ ಎತ್ತರಿಸಬೇಕೆನಿಸಿರಬಹುದು. ಪ್ರತಿಯೊಬ್ಬನೂ ತಾನು ಬೆರಳಿಟ್ಟು ತೋರಿಸಿದ ಅಂಗವನ್ನಷ್ಟೇ ನೋಡಿದ, ಪಕ್ಕದ ಅಂಗ ಅದಕ್ಕೇನು ಉತ್ತರ ಕೊಡಬೇಕೆಂದು ಯಾರೂ ಯೋಚಿಸಲಿಲ್ಲ. ಕೊನೆಗೆ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದಾಗ ಜನ ಒಂದನ್ನು ಕಂಡು ಬೆರಗಾದರು, ಇನ್ನೊಂದನ್ನು ಕಂಡು ನಕ್ಕರು. ಆಗ ಶಿಲ್ಪಿ, ನೀವು ಹಳಿಯುತ್ತಿರುವುದನ್ನು ಮಾಡಿದವರು ನೀವೇ, ಮೆಚ್ಚುತ್ತಿರುವುದನ್ನು ಮಾಡಿದವನು ನಾನು ಎಂದನಂತೆ. ಇದನ್ನು ಶಿಲ್ಪಿಯ ಗರ್ವದ ಕಥೆಯೆಂದು ಹೇಳುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಒಂದು ಭುಜವನ್ನು ಏರಿಸಿದರೆ ಸೊಂಟವನ್ನೂ ಮಂಡಿಯನ್ನೂ ಹಿಮ್ಮಡಿಯನ್ನೂ ಹೊಸದಾಗಿ ಹೊಂದಿಸಬೇಕಾಗುತ್ತದೆ ಎಂಬುದು ಈ ಕಥೆಯ ತಿರುಳು.

ಅವನು ದೇಹದ ಪ್ರಮಾಣಗಳ ಬಗ್ಗೆ ಗ್ರಂಥವನ್ನೂ ಬರೆದಿದ್ದ. ಅದು ಉಳಿದಿಲ್ಲ, ಆದರೆ ಬೆರಳಿಗೂ ಬೆರಳಿಗೂ, ಬೆರಳುಗಳಿಗೂ ಅಂಗೈಗೂ, ಅಲ್ಲಿಂದ ಮುಂದೋಳಿಗೂ, ಮುಂದೋಳಿನಿಂದ ಮೇಲ್ದೋಳಿಗೂ ಇರುವ ಅನುಪಾತದಲ್ಲೇ ಸೌಂದರ್ಯವಿದೆ ಎಂಬ ಅದರ ಸಾರವನ್ನು ವೈದ್ಯ ಗೇಲನ್ ತಿಳಿಸಿದ್ದಾನೆ. ಆ ಲೆಕ್ಕಕ್ಕೆ ಮಾದರಿಯಾಗಿ ಪಾಲಿಕ್ಲೈಟೊಸ್ ಕ್ರಿ.ಪೂ. 440ರ ಸುಮಾರಿಗೆ ಈಟಿ ಹಿಡಿದ ಯುವಕನನ್ನು ಕಂಚಿನಲ್ಲಿ ಎರಕ ಹೊಯ್ದ. ಮೂಲ ಕಳೆದುಹೋಗಿದೆ, ಪಾಂಪೇಯಲ್ಲಿ ದೊರೆತ ರೋಮನ್ ನಕಲು ನೇಪಲ್ಸ್ ನಗರದಲ್ಲಿದೆ. ಅದರ ಕಾಲಿಗೆ ಅಂಟಿದ ಮರದ ಬೊಡ್ಡೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಕಲ್ಲಿನ ಭಾರ ತಡೆಯಲು ಸೇರಿಸಿದ ಆಸರೆ ಅದು. ಬಲಗಾಲು ಭಾರ ಹೊತ್ತಿದೆ, ಅದೇ ಬದಿಯ ಕೈ ಸುಮ್ಮನೆ ಇಳಿಬಿದ್ದಿದೆ. ಎಡಗಾಲು ವಿರಾಮದಲ್ಲಿ ಹಿಮ್ಮಡಿ ಎತ್ತಿದೆ, ಅದೇ ಬದಿಯ ಕೈ ಈಟಿ ಹಿಡಿದು ದುಡಿಯುತ್ತಿದೆ. ಬಲಗಡೆ ಸೊಂಟ ಏರಿದ್ದರಿಂದ ಭುಜ ಇಳಿದಿದೆ. ದುಡಿಮೆಯೂ ವಿಶ್ರಾಂತಿಯೂ ಒಂದೇ ಮೈಯಲ್ಲಿ ಅಡ್ಡಡ್ಡವಾಗಿ ಹೆಣೆದುಕೊಂಡಿವೆ.

ನನಗೆ ಕೊಟ್ಟ ಸಮಯ ಮುಗಿಯುತ್ತ ಬಂದಿರುವುದರಿಂದ ಮುಂದಿನ ನೂರು ವರ್ಷಗಳನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಪ್ರಾಕ್ಸಿಟಲೀಸ್ ನೀಡೊಸ್ ನಗರಕ್ಕಾಗಿ ಅಫ್ರೊಡೈಟಿಯನ್ನು ಆಳೆತ್ತರದಲ್ಲಿ ಬೆತ್ತಲೆಯಾಗಿ ಕಡೆದು, ಅದೇ ಸಡಿಲಗಾಲಿನ ನಿಲುವನ್ನು ದೇವತೆಗೆ ಕೊಟ್ಟ. ಲಿಸಿಪ್ಪೊಸ್ ತಲೆಯನ್ನು ಕಿರಿದಾಗಿಸಿ, ಮೈಯನ್ನು ತೆಳುವಾಗಿಸಿ, ಪಾಲಿಕ್ಲೈಟೊಸನ ಅಳತೆಯನ್ನೇ ಬದಲಿಸಿದ. ಕಸರತ್ತು ಮುಗಿಸಿ ಮೈಯ ಎಣ್ಣೆ ಧೂಳನ್ನು ಕೆರೆದುಕೊಳ್ಳುತ್ತಿರುವ ಅವನ ಕ್ರೀಡಾಪಟುವಿನ ರೋಮನ್ ನಕಲು ವ್ಯಾಟಿಕನ್ನಿನಲ್ಲಿದೆ. ಅದರ ಬಲಗೈ ನೇರವಾಗಿ ನೋಡುಗನತ್ತ ಚಾಚಿಕೊಂಡಿರುವುದರಿಂದ ಎದುರಿಗೆ ನಿಂತರೆ ಶಿಲ್ಪ ಅರ್ಧ ಮಾತ್ರ ಕಾಣುತ್ತದೆ. ಉಳಿದದ್ದನ್ನು ಕಾಣಲು ಅದರ ಸುತ್ತ ನಡೆಯಬೇಕು. ನಮಸ್ಕಾರ.