ಎಚ್ಚರವಿರುವ ಮೆದುಳು, ಏಳದ ರೆಪ್ಪೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮಳೆ ಹಿಡಿದಿದೆ. ಕಾಸರಗೋಡಿನ ಕಡೆ ತೋಡುಗಳೆಲ್ಲ ತುಂಬಿ ಹರಿಯುವ ಕಾಲ. ಮುರಕಲ್ಲಿನ ಮಾಟೆಗಳಿಗೆ ನೀರು ನುಗ್ಗಿದರೆ ಒಳಗಿರುವ ಹಾವು ಹೊರಗೆ ಬರಲೇಬೇಕು. ಬಂದದ್ದು ಹಟ್ಟಿಗೆ, ಕಟ್ಟಿಗೆ ಕೊಟ್ಟಿಗೆಗೆ, ಕೆಲವೊಮ್ಮೆ ಜಗಲಿಗೆ.

ಇವತ್ತು ನನಗೆ ಕೊಟ್ಟ ವಿಷಯ ಮೆದುಳು ಮತ್ತು ನರಮಂಡಲ. ಶಾಲೆಯಲ್ಲಾದರೆ ಬೋರ್ಡಿನ ಮೇಲೆ ಚಿತ್ರ ಬಿಡಿಸಿ ಭಾಗಗಳ ಹೆಸರು ಬರೆಯಬಹುದಿತ್ತು. ರೇಡಿಯೊದಲ್ಲಿ ಅದು ಆಗದ ಕೆಲಸ. ಹೆಸರುಗಳನ್ನು ಸುಮ್ನೆ ಓದಿದರೆ ನೀವು ಸ್ಟೇಷನ್ ಬದಲಿಸುತ್ತೀರಿ. ಅದಕ್ಕೇ ಹಾವಿನ ಕಡೆಯಿಂದ ಹೊರಡುತ್ತೇನೆ. ನರ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಅದು ಎಲ್ಲಿ ಕೆಟ್ಟು ನಿಲ್ಲುತ್ತದೆ ಎಂದು ನೋಡುವುದು ಒಳ್ಳೆಯ ದಾರಿ. ನಾನು ವೈದ್ಯನಲ್ಲ, ಜೀವಶಾಸ್ತ್ರ ಕಲಿಸಿದ ಮೇಷ್ಟ್ರು. ಅಷ್ಟು ಮೊದಲೇ ಹೇಳಿರುತ್ತೇನೆ.

ಕಟ್ಟುಹಾವು ನಿಮಗೆ ಗೊತ್ತಿರಬಹುದು. ಕಡಂಬಳ ಎಂದೂ ಹೇಳುವುದುಂಟು, ಮಲೆಯಾಳದವರಿಗೆ ವೆಳ್ಳಿಕ್ಕೆಟ್ಟನ್. ಮಿರಿಮಿರಿ ಕಪ್ಪು ಮೈ, ಅದರ ಮೇಲೆ ತೆಳ್ಳಗಿನ ಬಿಳಿ ಪಟ್ಟೆಗಳು. ಹಗಲು ಎಲ್ಲೋ ಮುದುಡಿ ಬಿದ್ದಿರುತ್ತದೆ, ರಾತ್ರಿ ಓಡಾಡುತ್ತದೆ. ನೆಲದ ಮೇಲೆ ಚಾಪೆ ಹಾಕಿ ಮಲಗಿದವರಿಗೆ ಇದರ ಕಡಿತ ಜಾಸ್ತಿ. ಹಲ್ಲು ಸಣ್ಣದು. ನೋವು ಕಡಿಮೆ, ಊತವೂ ಅಷ್ಟಿಲ್ಲ. ಎಷ್ಟೋ ಸಲ ಕಚ್ಚಿದ ಗುರುತೇ ಕಾಣುವುದಿಲ್ಲ. ಸೊಳ್ಳೆಯೋ ಇರುವೆಯೋ ಎಂದುಕೊಂಡು ಮಗ್ಗುಲು ಬದಲಿಸಿ ಮಲಗಿಬಿಡುತ್ತಾರೆ. ಬೆಳಗಿನ ಜಾವ ಹೊಟ್ಟೆನೋವು ಎಂದು ಏಳುತ್ತಾರೆ, ವಾಂತಿಯೂ ಆಗಬಹುದು. ರಾತ್ರಿ ತಿಂದದ್ದು ಸರಿಹೋಗಲಿಲ್ಲ ಎಂದು ಮನೆಯವರು ಜೀರಿಗೆ ಕಷಾಯ ಮಾಡಿ ಕೊಡುತ್ತಾರೆ. ಆಮೇಲೆ ಕಣ್ಣಿನ ರೆಪ್ಪೆ ಇಳಿಯಲು ಶುರುವಾಗುತ್ತದೆ. ಎತ್ತಬೇಕೆಂದರೂ ಏಳುವುದಿಲ್ಲ.

ರೆಪ್ಪೆ ಎತ್ತುವುದು ಎಷ್ಟು ಸಣ್ಣ ಕೆಲಸ, ಅಲ್ವಾ? ಆದರೆ ಅದರ ಹಿಂದಿನ ದಾರಿ ನೋಡಿ. ಎತ್ತು ಎಂಬ ಆಜ್ಞೆ ಹೊರಡುವುದು ಮೆದುಳಿನ ಮೇಲ್ಪದರದಿಂದ. ಒಂದು ಕಿಲೋ ಮುನ್ನೂರು, ನಾನೂರು ಗ್ರಾಂ ತೂಗುವ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅದರ ಬುಡಕ್ಕೆ ಮೆದುಳಕಾಂಡ ಎಂಬ ಭಾಗ, ಹೆಚ್ಚುಕಡಿಮೆ ಹೆಬ್ಬೆರಳಿನ ದಪ್ಪದ್ದು. ಉಸಿರಾಟ, ನುಂಗುವುದು, ಕಣ್ಣು ಹೊರಳಿಸುವುದು ಇವೆಲ್ಲದರ ಉಸ್ತುವಾರಿ ಅಲ್ಲಿ. ತಲೆಬುರುಡೆಯಿಂದ ನೇರವಾಗಿ ಹೊರಡುವ ನರಗಳು ಹನ್ನೆರಡು ಜೊತೆ. ಅದರಲ್ಲಿ ಮೂರನೆಯದು ರೆಪ್ಪೆ ಎತ್ತುವ ಸ್ನಾಯುವಿಗೆ ಹೋಗುತ್ತದೆ. ಕುತ್ತಿಗೆಯಿಂದ ಕೆಳಗಿನ ಮೈಗೆಲ್ಲ ಬೆನ್ನುಹುರಿಯಿಂದ ಮೂವತ್ತೊಂದು ಜೊತೆ ನರಗಳು.

ನರದ ಉದ್ದಕ್ಕೂ ಸಂದೇಶ ಹೋಗುವುದು ವಿದ್ಯುತ್ತಾಗಿ. ಎಲ್ಲ ನರಗಳ ವೇಗ ಒಂದೇ ಅಲ್ಲ. ಸುತ್ತ ಕೊಬ್ಬಿನ ಹೊದಿಕೆ ಇರುವ ದಪ್ಪ ನರಗಳಲ್ಲಿ ಸೆಕೆಂಡಿಗೆ ನೂರು ಮೀಟರಿನವರೆಗೂ ಹೋಗುತ್ತದೆ. ಹೊದಿಕೆ ಇಲ್ಲದ ಸಪೂರ ನರಗಳಲ್ಲಿ ಒಂದು ಮೀಟರು ಹೋದರೆ ಹೆಚ್ಚು. ಕಾಲಬೆರಳು ಮುರಕಲ್ಲಿಗೆ ತಾಗಿದಾಗ ಗಮನಿಸಿ. ತಾಗಿತು ಎಂದು ತಕ್ಷಣ ಗೊತ್ತಾಗುತ್ತದೆ. ಜುಂ ಎನ್ನುವ ನೋವು ಒಂದು ಗಳಿಗೆ ತಡೆದು ಬರುತ್ತದೆ. ಎರಡೂ ಹೊರಟದ್ದು ಒಂದೇ ಬೆರಳಿನಿಂದ. ಬಂದ ದಾರಿ ಬೇರೆ.

ನರ ಕೊನೆಗೆ ಸ್ನಾಯುವಿಗೆ ಹೋಗಿ ಅಂಟಿಕೊಂಡಿರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಿಲ್ಲ. ನಡುವೆ ಒಂದು ಸಂದು ಇದೆ. ಒಂದು ಮಿಲಿಮೀಟರನ್ನು ಇಪ್ಪತ್ತು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ಅಗಲ. ವಿದ್ಯುತ್ತು ಅಲ್ಲಿ ನಿಂತುಹೋಗುತ್ತದೆ. ಆಚೆಗೆ ದಾಟುವುದು ಒಂದು ರಾಸಾಯನಿಕ.

ಇದು ಗೊತ್ತಾದ ಕತೆ ಸೊಗಸಾಗಿದೆ. ಆಸ್ಟ್ರಿಯದ ಗ್ರಾಜ್ ಎಂಬ ಊರಿನಲ್ಲಿ ಒಟ್ಟೊ ಲೋವಿ ಎಂಬ ವಿಜ್ಞಾನಿ ಇದ್ದರು. ಒಂದು ರಾತ್ರಿ ಅವರಿಗೆ ಕನಸಿನಲ್ಲಿ ಒಂದು ಪ್ರಯೋಗ ಹೊಳೆಯಿತಂತೆ. ಎದ್ದು ಚೀಟಿಯಲ್ಲಿ ಬರೆದಿಟ್ಟು ಮಲಗಿದರು. ಬೆಳಗ್ಗೆ ನೋಡಿದರೆ ತಾವೇ ಬರೆದ ಅಕ್ಷರ ತಮಗೇ ಓದಲಾಗಲಿಲ್ಲ. ಮರುದಿನ ರಾತ್ರಿ ಮತ್ತೆ ಅದೇ ಹೊಳೆಯಿತು. ಈ ಸಲ ಬರೆಯುತ್ತ ಕೂರದೆ ನೇರ ಪ್ರಯೋಗಶಾಲೆಗೆ ಹೋದರು. ಎರಡು ಕಪ್ಪೆಗಳ ಹೃದಯ ತೆಗೆದು ಉಪ್ಪುನೀರಿನಲ್ಲಿ ಬಡಿಯುವಂತೆ ಇಟ್ಟರು. ಮೊದಲನೆಯದರ ನರಕ್ಕೆ ವಿದ್ಯುತ್ತು ಕೊಟ್ಟಾಗ ಅದರ ಬಡಿತ ನಿಧಾನವಾಯಿತು. ಆ ಹೃದಯದ ಸುತ್ತಲಿದ್ದ ನೀರನ್ನು ಎರಡನೆಯದಕ್ಕೆ ಹಾಕಿದರು. ನರವನ್ನು ಮುಟ್ಟದಿದ್ದರೂ ಅದೂ ನಿಧಾನವಾಯಿತು. ಅಂದರೆ ನರದ ತುದಿಯಿಂದ ಏನೋ ಒಂದು ಆ ನೀರಿಗೆ ಬಿದ್ದಿತ್ತು. 1921ರಲ್ಲಿ ಇದು ಪ್ರಕಟವಾಯಿತು. ಆ ವಸ್ತು ಅಸಿಟೈಲ್‌ಕೋಲಿನ್ ಎಂದು ಮುಂದೆ ಖಚಿತವಾಯಿತು. ಲೋವಿ ಮತ್ತು ಇಂಗ್ಲೆಂಡಿನ ಹೆನ್ರಿ ಡೇಲ್ ಇಬ್ಬರಿಗೂ 1936ರಲ್ಲಿ ನೊಬೆಲ್ ಬಂತು.

ನಮ್ಮಲ್ಲಿ ಸೇತುವೆಗಳು ಬರುವ ಮೊದಲು ಹೊಳೆ ದಾಟಲು ಕಡವು ಇತ್ತಲ್ಲ, ಈ ಸಂದನ್ನು ಹಾಗೇ ಯೋಚಿಸಿ. ಈಚೆ ದಡ ನರದ ತುದಿ, ಅಲ್ಲಿ ಅಸಿಟೈಲ್‌ಕೋಲಿನ್ ತುಂಬಿದ ದೋಣಿಗಳು ಕಾದು ನಿಂತಿವೆ. ಸಂದೇಶ ಬಂದ ಕೂಡಲೇ ಹೊರಡುತ್ತವೆ. ಆಚೆ ದಡದಲ್ಲಿ, ಅಂದರೆ ಸ್ನಾಯುವಿನ ಮೇಲೆ, ದೋಣಿ ನಿಲ್ಲಿಸುವ ಕಟ್ಟೆಗಳಿವೆ. ಕಟ್ಟುಹಾವಿನ ವಿಷ ಮುಖ್ಯವಾಗಿ ಈಚೆ ದಡವನ್ನೇ ಹಾಳುಮಾಡುತ್ತದೆ. ಇದ್ದ ದೋಣಿಗಳು ಮುಗಿಯುತ್ತವೆ, ಹೊಸದು ಹೊರಡುವುದಿಲ್ಲ, ಕೊನೆಗೆ ನರದ ತುದಿಯೇ ಸವೆದುಹೋಗುತ್ತದೆ. ನಾಗರಹಾವಿನದು ಬೇರೆ ವರಸೆ. ಅದರ ವಿಷ ಆಚೆ ದಡದ ಕಟ್ಟೆಗಳಲ್ಲಿ ಕೂತುಬಿಡುತ್ತದೆ. ದೋಣಿ ಬಂದರೂ ನಿಲ್ಲಲು ಜಾಗವಿಲ್ಲ.

ಹಾಗಾದರೆ ರೆಪ್ಪೆಯೇ ಮೊದಲು ಯಾಕೆ ಬೀಳುತ್ತದೆ? ಸಾಮಾನ್ಯವಾಗಿ ಸ್ನಾಯುಗಳಿಗೆ ಬೇಕಾದ್ದಕ್ಕಿಂತ ಜಾಸ್ತಿಯೇ ಅಸಿಟೈಲ್‌ಕೋಲಿನ್ ಬರುತ್ತಿರುತ್ತದೆ. ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ. ಕಣ್ಣಿನ ಸ್ನಾಯುಗಳಿಗೆ ಆ ಹೆಚ್ಚುವರಿ ಕಡಿಮೆ. ಜೊತೆಗೆ ಎಚ್ಚರವಿರುವಷ್ಟೂ ಹೊತ್ತು ಅವಕ್ಕೆ ಬಿಡುವಿಲ್ಲದ ದುಡಿಮೆ. ಆದ್ದರಿಂದ ಕೊರತೆ ಅಲ್ಲಿ ಮೊದಲು ಕಾಣುತ್ತದೆ. ರೆಪ್ಪೆ ಬಿದ್ದ ಮೇಲೆ ಒಂದು ವಸ್ತು ಎರಡಾಗಿ ಕಾಣುತ್ತದೆ. ಮಾತು ತೊದಲುತ್ತದೆ. ಎಂಜಲು ನುಂಗಲಾಗುವುದಿಲ್ಲ. ಮಲಗಿದವರು ದಿಂಬಿನಿಂದ ತಲೆ ಎತ್ತಲಾರರು. ಕೊನೆಗೆ ಉಸಿರು.

ಉಸಿರು ಎಳೆಯುವ ದೊಡ್ಡ ಸ್ನಾಯು ವಪೆ, ಎದೆಗೂ ಹೊಟ್ಟೆಗೂ ನಡುವೆ ಇರುವುದು. ಅದಕ್ಕೆ ಹೋಗುವ ನರ ಹೊರಡುವುದು ಎಲ್ಲಿಂದ ಗೊತ್ತಾ? ಕುತ್ತಿಗೆಯಿಂದ. ಮೂರು, ನಾಲ್ಕು, ಐದನೆಯ ಮಟ್ಟದಿಂದ ಹೊರಟು ಹೃದಯದ ಪಕ್ಕದಲ್ಲೇ ಇಳಿದು ಕೆಳಗೆ ಬರುತ್ತದೆ. ಅಡಿಕೆ ಮರದಿಂದ ಬಿದ್ದು ಕುತ್ತಿಗೆಯ ಮೇಲ್ಭಾಗಕ್ಕೆ ಪೆಟ್ಟಾದವರಿಗೆ ಉಸಿರಿನ ತೊಂದರೆ ಬರುವುದು ಇದೇ ಕಾರಣಕ್ಕೆ.

ಹೃದಯ ಮಾತ್ರ ಬಡಿಯುತ್ತಲೇ ಇರುತ್ತದೆ. ಬಡಿಯಲು ಅದು ನರದ ಅಪ್ಪಣೆಗೆ ಕಾಯುವುದಿಲ್ಲ, ಅದರೊಳಗೇ ತಾಳ ಹಾಕುವ ಕೋಶಗಳಿವೆ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದುಕೊಂಡ ಮಾತಿಗೆ ಬರುತ್ತೇನೆ. ಈ ವಿಷ ಮೆದುಳಿನ ಒಳಗೆ ಹೋಗುವುದಿಲ್ಲ. ಮೆದುಳಿನ ರಕ್ತನಾಳಗಳ ಗೋಡೆ ಬಹಳ ಬಿಗಿ, ರಕ್ತದಲ್ಲಿ ಬಂದದ್ದನ್ನೆಲ್ಲ ಒಳಗೆ ಬಿಡುವುದಿಲ್ಲ. ಹಾವಿನ ವಿಷ ದೊಡ್ಡ ದೊಡ್ಡ ಪ್ರೋಟೀನುಗಳು. ಆ ಗೋಡೆ ದಾಟುವುದು ಕಷ್ಟ. ಹಾಗಾಗಿ ಕೈಕಾಲು ಆಡದೆ, ರೆಪ್ಪೆ ಮುಚ್ಚಿ, ಮಾತಿಲ್ಲದೆ ಬಿದ್ದಿರುವ ಮನುಷ್ಯನಿಗೆ ಎಚ್ಚರ ಇರಬಹುದು. ಸುತ್ತ ನಿಂತವರು ಆಡುವ ಮಾತು ಕೇಳಿಸುತ್ತಿರಬಹುದು. ಕಟ್ಟುಹಾವು ಕಚ್ಚಿ ತೀವ್ರವಾದಾಗ ಕಣ್ಣಿನ ಪಾಪೆ ಕೂಡ ಹಿಗ್ಗಿ, ಟಾರ್ಚ್ ಹಿಡಿದರೂ ಕದಲದೆ ಇರುವುದುಂಟು. ನೋಡಿದವರಿಗೆ ಮೆದುಳೇ ಸತ್ತಂತೆ ಕಾಣುತ್ತದೆ. ಆದರೆ ಅದು ಬದುಕಿರುತ್ತದೆ. ವೈದ್ಯರಿಗೆ ಪಾಠದಲ್ಲೇ ಈ ಎಚ್ಚರಿಕೆ ಹೇಳಿಕೊಟ್ಟಿರುತ್ತಾರೆ. ಮನೆಯವರಿಗೂ ಇದು ಗೊತ್ತಿರಬೇಕು ಎಂದು ನನ್ನ ಅಭಿಪ್ರಾಯ. ಕಿವಿಯ ಹತ್ತಿರ ಮಾತಾಡಿ. ಹೆದರಬೇಡ, ಯಂತ್ರ ಉಸಿರಾಡಿಸುತ್ತಾ ಇದೆ ಎಂದು ಹೇಳಿ. ಹಾಸಿಗೆಯ ಪಕ್ಕ ನಿಂತು ಇನ್ನು ಇಲ್ಲ ಎಂದು ಅಳಬೇಡಿ.

ಯಂತ್ರ ಎಂದರೆ ವೆಂಟಿಲೇಟರ್. ವಿಷದ ಮದ್ದನ್ನು, ಅಂದರೆ ಆಂಟಿವೆನಮ್ ಇಂಜೆಕ್ಷನ್ನನ್ನು, ಕೊಡುವುದು ಬೇಕೇ ಬೇಕು. ಅದು ರಕ್ತದಲ್ಲಿ ತಿರುಗುತ್ತಿರುವ ವಿಷವನ್ನು ಹಿಡಿಯುತ್ತದೆ. ಆದರೆ ಆಗಲೇ ಹಾಳಾದ ನರದ ತುದಿಯನ್ನು ಯಾವ ಮದ್ದೂ ರಿಪೇರಿ ಮಾಡುವುದಿಲ್ಲ. ಅದು ತಾನಾಗಿಯೇ ಮತ್ತೆ ಚಿಗುರಬೇಕು. ಅದಕ್ಕೆ ದಿನಗಳು ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಅಲ್ಲಿಯವರೆಗೆ ಉಸಿರಾಡಿಸುತ್ತ ಇದ್ದರೆ ಮನುಷ್ಯ ಎದ್ದು ಮನೆಗೆ ನಡೆದು ಬರಬಲ್ಲ. ಹಾಗಾಗಿ ವೆಂಟಿಲೇಟರ್ ಇರುವ ಆಸ್ಪತ್ರೆ ಹತ್ತಿರದಲ್ಲಿ ಯಾವುದು ಎಂದು ಇವತ್ತೇ ತಿಳಿದಿಟ್ಟುಕೊಳ್ಳಿ. ಪೆರ್ಲದಲ್ಲೋ ಮುಳ್ಳೇರಿಯದಲ್ಲೋ ಇರುವವರು ನಡುರಾತ್ರಿ ಕೂತು ಲೆಕ್ಕ ಹಾಕುವ ವಿಷಯ ಅಲ್ಲ ಅದು.

ಆಸ್ಪತ್ರೆಯಲ್ಲಿ ಒಂದು ಸರಳ ಪರೀಕ್ಷೆ ಮಾಡುತ್ತಾರೆ. ಪೂರ್ತಿ ಉಸಿರು ಎಳೆದುಕೊಳ್ಳಿ, ಒಂದೇ ಉಸಿರಿನಲ್ಲಿ ಗಟ್ಟಿಯಾಗಿ ಎಣಿಸಿ ಎನ್ನುತ್ತಾರೆ. ಆರೋಗ್ಯವಂತರು ಮೂವತ್ತು, ನಲವತ್ತು ದಾಟುತ್ತಾರೆ. ಅರ್ಧ ಗಂಟೆಯ ಹಿಂದೆ ಮೂವತ್ತಕ್ಕೆ ಹೋದವರು ಈಗ ಹದಿನೈದಕ್ಕೆ ನಿಂತರೆ ಉಸಿರಿನ ಸ್ನಾಯು ಸೋಲುತ್ತಿದೆ ಎಂದು ಅರ್ಥ. ನಮ್ಮ ಜಿಲ್ಲೆಯಲ್ಲಿ ಇದಕ್ಕೊಂದು ಸೇರಿಸಬೇಕು. ಡಾಕ್ಟರು, ನರ್ಸು ಕೇಳುವುದು ಹೆಚ್ಚಾಗಿ ಮಲೆಯಾಳದಲ್ಲಿ. ತುಳುವೋ ಕನ್ನಡವೋ ಮಾತ್ರ ಬರುವ ಹಿರಿಯರು ಗಾಬರಿಯಲ್ಲಿ ಎಲ್ಲದಕ್ಕೂ ತಲೆಯಾಡಿಸಿಬಿಡುತ್ತಾರೆ. ಎರಡೂ ಭಾಷೆ ಬರುವ ಒಬ್ಬರು ಜೊತೆಗೆ ಹೋಗಿ. ಅವರು ತುಳುವಿನಲ್ಲೇ ಎಣಿಸಲಿ, ತೊಂದರೆ ಇಲ್ಲ.

ನಾಗರಹಾವು ಕಚ್ಚಿದ್ದಾದರೆ ನಿಯೋಸ್ಟಿಗ್ಮಿನ್ ಎಂಬ ಇಂಜೆಕ್ಷನ್ ಕೆಲಸಕ್ಕೆ ಬರುತ್ತದೆ. ಮಾಮೂಲಿಯಾಗಿ ಅಸಿಟೈಲ್‌ಕೋಲಿನ್ ತನ್ನ ಕೆಲಸ ಮುಗಿದ ತಕ್ಷಣ ಒಡೆದುಹೋಗುತ್ತದೆ, ಒಡೆಯಲಿಕ್ಕೆಂದೇ ಒಂದು ಕಿಣ್ವ ಇದೆ. ಈ ಮದ್ದು ಆ ಕಿಣ್ವವನ್ನು ತಡೆಯುತ್ತದೆ. ಸಂದಿನಲ್ಲಿ ಅಸಿಟೈಲ್‌ಕೋಲಿನ್ ಹೆಚ್ಚು ಹೊತ್ತು ಉಳಿಯುತ್ತದೆ. ಅಸಿಟೈಲ್‌ಕೋಲಿನ್ ಹೆಚ್ಚಾಗಿ ಬೇರೆ ಕಡೆ ತೊಂದರೆ ಆಗದಂತೆ ತಡೆಯುವ ಅಟ್ರೋಪಿನ್ ಎಂಬ ಮದ್ದನ್ನು ಮೊದಲು ಕೊಟ್ಟು ಆಮೇಲೆ ಇದನ್ನು ಕೊಡುತ್ತಾರೆ. ಅರ್ಧ ಗಂಟೆಯೊಳಗೆ ಬಿದ್ದ ರೆಪ್ಪೆ ಮೆಲ್ಲ ಮೇಲೇಳುವುದನ್ನು ಕಣ್ಣಾರೆ ನೋಡಬಹುದು. ಕಟ್ಟುಹಾವಿನ ಕಡಿತದಲ್ಲಿ ಇದರಿಂದ ಅಷ್ಟು ಪ್ರಯೋಜನ ಕಾಣುವುದಿಲ್ಲ. ಬರುವುದೇ ಕಡಿಮೆಯಾಗಿರುವಾಗ ಉಳಿಸಿಕೊಳ್ಳುವುದೇನು?

ಕೃಷಿಕರಿಗೆ ಇಲ್ಲೊಂದು ಮಾತು. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕಗಳು ತಡೆಯುವುದೂ ಇದೇ ಕಿಣ್ವವನ್ನು, ಆದರೆ ಮಿತಿ ಮೀರಿ. ಆಗ ಅಸಿಟೈಲ್‌ಕೋಲಿನ್ ವಿಪರೀತವಾಗಿ ಬಾಯಲ್ಲಿ ನೊರೆ, ಮೈಯೆಲ್ಲ ಬೆವರು, ಸ್ನಾಯುಗಳ ಅದುರಾಟ. ಅದಕ್ಕೂ ಅಟ್ರೋಪಿನ್ನೇ ಬೇಕು. ಅಡಿಕೆಯ ಕೊಳೆರೋಗಕ್ಕೆ ನಾವು ಬಿಡುವ ಮೈಲುತುತ್ತು, ಸುಣ್ಣದ ಮದ್ದು ಈ ಗುಂಪಿನದ್ದಲ್ಲ.

ಈ ಜಿಲ್ಲೆಯಲ್ಲಿ ನರಮಂಡಲದ ಮಾತೆತ್ತಿದರೆ ಎಂಡೋಸಲ್ಫಾನ್ ಎಂಬ ಕೀಟನಾಶಕ ನೆನಪಾಗದೆ ಇರುವುದಿಲ್ಲ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದದ್ದು, ಎಣ್ಮಕಜೆಯ ಪಡ್ರೆಯಂಥ ಊರುಗಳ ಮಕ್ಕಳ ಸ್ಥಿತಿ, ಇದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ತಡೆಯಿತು. ಇದರ ಕಣ ಸಣ್ಣದು, ಕೊಬ್ಬಿನಲ್ಲಿ ಕರಗುವಂಥದ್ದು. ಹಾವಿನ ವಿಷಕ್ಕೆ ಬಾಗಿಲು ಹಾಕುವ ಮೆದುಳಿನ ಗೋಡೆ ಇದನ್ನು ಒಳಗೆ ಬಿಟ್ಟುಬಿಡುತ್ತದೆ. ಒಳಗೆ ಗಾಬಾ ಎಂಬ ಇನ್ನೊಂದು ರಾಸಾಯನಿಕ ಇದೆ, ನರಕೋಶಗಳು ಅತಿಯಾಗಿ ಕೆರಳದಂತೆ ನೋಡಿಕೊಳ್ಳುವುದು ಅದರ ಕೆಲಸ. ಎಂಡೋಸಲ್ಫಾನ್ ಅದಕ್ಕೆ ಅಡ್ಡ ಬರುತ್ತದೆ. ಮೈಗೆ ಹೆಚ್ಚು ಸೇರಿದಾಗ ಸೆಳವು, ಅಂದರೆ ಫಿಟ್ಸ್, ಬರುವುದು ಹೀಗೆ.

ಮತ್ತೆ ಹಾವಿಗೆ ಬರೋಣ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು ಅಂದಾಜು. ನಮ್ಮಲ್ಲಿ ಸಿಗುವ ವಿಷದ ಮದ್ದು ನಾಲ್ಕು ಹಾವುಗಳಿಗೆ: ನಾಗರ, ಕಟ್ಟುಹಾವು, ಕನ್ನಡಿ ಹಾವು ಅಂದರೆ ಕೊಳಕು ಮಂಡಲ, ಗರಗಸ ಮಂಡಲ. ಕೊನೆಯ ಎರಡರ ವಿಷ ಮುಖ್ಯವಾಗಿ ರಕ್ತವನ್ನು ಕೆಡಿಸುತ್ತದೆ, ಆ ಕತೆ ಬೇರೆಯೇ. ಯಾವುದು ಕಚ್ಚಿದರೂ ಕುಯ್ಯಬೇಡಿ, ಚೀಪಬೇಡಿ, ರಕ್ತ ನಿಲ್ಲುವಂತೆ ಬಿಗಿದು ಕಟ್ಟಬೇಡಿ. ಉಂಗುರ, ಬಳೆ ತೆಗೆಯಿರಿ. ಕಚ್ಚಿದ ಕೈಯೋ ಕಾಲೋ ಅಲುಗದ ಹಾಗೆ ಕೋಲು ಕಟ್ಟಿ. ನಡೆಸಬೇಡಿ, ಎತ್ತಿಕೊಂಡು ಹೋಗಿ. ವಾಂತಿ ಇದ್ದರೆ ಒಂದು ಮಗ್ಗುಲಿಗೆ ಮಲಗಿಸಿ. ನಾಗನಿಗೆ ತಂಬಿಲದ ಹರಕೆ ಹೇಳಿಕೊಳ್ಳುವವರು ಹೇಳಿಕೊಳ್ಳಿ, ಆದರೆ ಜೀಪು ಹೊರಟ ಮೇಲೆ. ನೆಲದಲ್ಲಿ ಮಲಗುವವರು ಸೊಳ್ಳೆಪರದೆ ಕಟ್ಟಿ ಅದರ ಅಂಚನ್ನು ಚಾಪೆಯ ಅಡಿಗೆ ಸಿಕ್ಕಿಸಿದರೆ ಕಟ್ಟುಹಾವಿನ ಕಡಿತ ಬಹಳಷ್ಟು ತಪ್ಪುತ್ತದೆ.

ಇನ್ನೊಂದು ವಿಷಯ ಬಾಕಿ ಇದೆ. 1963ರಲ್ಲಿ ತೈವಾನಿನ ವಿಜ್ಞಾನಿಗಳು ಅಲ್ಲಿನ ಕಟ್ಟುಹಾವಿನ ವಿಷದಿಂದ ಒಂದು ಅಂಶವನ್ನು ಬೇರೆ ಮಾಡಿದರು. ಈ ಒಂದು ಅಂಶ ಮಾತ್ರ ನಾಗರಹಾವಿನ ವಿಷದ ಹಾಗೆ ಆಚೆ ದಡಕ್ಕೆ, ಸ್ನಾಯುವಿನ ಮೇಲೆ ಅಸಿಟೈಲ್‌ಕೋಲಿನ್ ಹಿಡಿಯುವ ಜಾಗಕ್ಕೆ, ಹೋಗಿ ಗಟ್ಟಿಯಾಗಿ ಕೂರುತ್ತದೆ. ಹಾಗೆ ಕೂತದ್ದನ್ನೇ ಗುರುತಾಗಿ ಇಟ್ಟುಕೊಂಡು ಆ ಜಾಗಗಳನ್ನು ಹುಡುಕಿ ತೆಗೆದರು, ಎಣಿಸಿದರು. ಮಯಸ್ತೇನಿಯಾ ಗ್ರೇವಿಸ್ ಎಂಬ ಕಾಯಿಲೆಯಲ್ಲಿ ಅವು ಕಡಿಮೆಯಾಗಿರುತ್ತವೆ ಎಂದು 1973ರಲ್ಲಿ ಗೊತ್ತಾಯಿತು. ಅದರಲ್ಲಿ ದೇಹವೇ ತನ್ನ ಆ ಜಾಗಗಳ ಮೇಲೆ ದಾಳಿ ಮಾಡುತ್ತದೆ. ಬೆಳಗ್ಗೆ ಸರಿಯಾಗಿರುವ ರೆಪ್ಪೆ ಸಂಜೆಗೆ ಜೋಲುತ್ತದೆ. ಊಟ ಅರ್ಧವಾಗುವಾಗ ದವಡೆ ಸೋಲುತ್ತದೆ, ಸ್ವಲ್ಪ ವಿಶ್ರಾಂತಿ ಕೊಟ್ಟರೆ ಮತ್ತೆ ಸರಿ. ವಯಸ್ಸಾಯಿತು, ನಿದ್ದೆ ಸಾಲದು ಎಂದು ಬಿಟ್ಟುಬಿಡುವವರು ಬಹಳ. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗೆ ಆಗುತ್ತಿದ್ದರೆ ನರರೋಗದ ವೈದ್ಯರಿಗೆ ತೋರಿಸಿ. ನಿಯೋಸ್ಟಿಗ್ಮಿನ್ ಜಾತಿಯದೇ ಮಾತ್ರೆ ಇದೆ, ಬೇರೆ ಮದ್ದುಗಳೂ ಇವೆ.

ನಮಸ್ಕಾರ.